ಬಚ್ಚಲಿಗೆ ಕಂಬಿ ಹಾಕ್ಸಿ, ಸ್ಯಾಶೆ ಆಮೇಲೆ ನೋಡೋಣ

(1/5)
ವಯಸ್ಸಾದವರು ಬೀಳದ ಹಾಗೆ ನೋಡ್ಕೊಳ್ಳೋದು ಅಂದ್ರೆ ನಮ್ಮ ಮನೆಗಳಲ್ಲಿ ಏನರ್ಥ ಗೊತ್ತಾ? ವಿಟಮಿನ್ ಡಿ ಟೆಸ್ಟ್. ಕಮ್ಮಿ ಬರುತ್ತೆ, ನಮ್ಮಲ್ಲಿ ಬಹಳ ಜನಕ್ಕೆ ಕಮ್ಮಿನೇ ಬರೋದು. ಮೆಡಿಕಲ್ ಸ್ಟೋರಿಂದ 60,000 ಐಯು ಸ್ಯಾಶೆ ತಂದು ಹಾಲಿಗೆ ಹಾಕಿ ಕೊಡೋದು. ವಾರಕ್ಕೊಂದರಂತೆ ಎಂಟು ವಾರ, ಆಮೇಲೆ ತಿಂಗಳಿಗೊಂದು. ಅಲ್ಲಿಗೆ ಮಕ್ಕಳ ಕರ್ತವ್ಯ ಮುಗೀತು.

ಬಚ್ಚಲುಮನೆ ಟೈಲ್ಸ್ ಮಾತ್ರ ಹಾಗೇ ಜಾರ್ತಾ ಇರುತ್ತೆ.

(2/5)
"ಅಯ್ಯೋ, ವಿಟಮಿನ್ ತಾನೇ, ತಗೊಂಡ್ರೆ ಏನಾಗುತ್ತೆ" ಅನ್ನೋರು ಇದನ್ನ ಓದಿ.

2016ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಿಂದ ಒಂದು ಅಧ್ಯಯನ ಬಂತು. 70 ದಾಟಿದ, ಮೊದಲೇ ಒಮ್ಮೆ ಬಿದ್ದಿದ್ದ 200 ಜನ. ಒಂದು ಗುಂಪಿಗೆ ತಿಂಗಳಿಗೆ 24,000 ಐಯು, ಇನ್ನೊಂದಕ್ಕೆ ತಿಂಗಳಿಗೆ 60,000. ಹೌದು, ನಮ್ಮ ಸ್ಯಾಶೆ ಮೇಲಿರೋ ಅದೇ ನಂಬರ್. (ಮೂರನೇ ಗುಂಪಿಗೆ 24,000ದ ಜೊತೆ ಡಿಯ ಇನ್ನೊಂದು ರೂಪ ಕೊಟ್ಟಿದ್ರು.) ಒಂದು ವರ್ಷದಲ್ಲಿ ಕಡಿಮೆ ಡೋಸಿನವರಲ್ಲಿ 48% ಜನ ಬಿದ್ರು. 60,000 ತಗೊಂಡವರಲ್ಲಿ 67%. ರಿಪೋರ್ಟಲ್ಲಿ ಡಿ ಮಟ್ಟ ಚೆನ್ನಾಗೇ ಏರಿತ್ತು. ನಡೆಯೋದು, ಏಳೋದು ಮಾತ್ರ ಕಡಿಮೆ ಡೋಸಿನವರಿಗಿಂತ ಉತ್ತಮ ಆಗ್ಲಿಲ್ಲ.

ಅದಕ್ಕೂ ಮೊದಲು, 2010ರಲ್ಲಿ, ಆಸ್ಟ್ರೇಲಿಯಾದ ಅಧ್ಯಯನ. 70 ದಾಟಿದ 2,256 ಹೆಂಗಸರು. ಅರ್ಧ ಜನಕ್ಕೆ ವರ್ಷಕ್ಕೊಮ್ಮೆ ಒಂದೇ ಸಲ 5 ಲಕ್ಷ ಐಯು, ಉಳಿದವರಿಗೆ ಖಾಲಿ ಮಾತ್ರೆ. ಡಿ ತಗೊಂಡವರಲ್ಲಿ ಬೀಳೋದು 15%, ಮೂಳೆ ಮುರಿಯೋದು 26% ಜಾಸ್ತಿ ಆಯ್ತು. ಕಮ್ಮಿ ಅಲ್ಲ ಸ್ವಾಮಿ, ಜಾಸ್ತಿ!

"ಅವರು ಫಾರಿನ್‌ನವರು, ನಮ್ಮವರಿಗೆ ನಿಜವಾಗ್ಲೂ ಕೊರತೆ ಇದೆ" ಅಂತೀರಾ? ಅಮೆರಿಕದಲ್ಲಿ 70 ದಾಟಿದ, ಬೀಳೋ ಅಪಾಯ ಇದ್ದ 688 ಜನರನ್ನೇ ಹುಡುಕಿ ತಗೊಂಡ್ರು. ಡಿ ಮಟ್ಟ 10ರಿಂದ 29. ನಮ್ಮ ಲ್ಯಾಬ್‌ಗಳು ದಪ್ಪಕ್ಷರದಲ್ಲಿ "ಲೋ" ಅಂತ ಹಾಕೋ ಮಟ್ಟ ಅದು. ದಿನಕ್ಕೆ 1,000, 2,000, 4,000 ಐಯು ಕೊಟ್ಟು ನೋಡಿದ್ರು. ಬರೀ 200 ತಗೊಂಡವರಿಗಿಂತ ಯಾರೂ ಕಮ್ಮಿ ಬೀಳಲಿಲ್ಲ.

(3/5)
ನಾನು ಡಾಕ್ಟರಲ್ಲ, ಬಿಕಾಂ. ಆದ್ರೆ ಕೋರಿಲೇಷನ್ ನಮ್ಮ ಸ್ಟ್ಯಾಟಿಸ್ಟಿಕ್ಸ್ ಪೇಪರಲ್ಲೂ ಇದೆ. ಡಿ ಕಮ್ಮಿ ಇರೋ ಮುದುಕರು ಜಾಸ್ತಿ ಬೀಳ್ತಾರೆ ಅನ್ನೋದು ನಿಜವೇ. ಯಾಕೆ ಅಂತ ಕೇಳ್ಬೇಕಲ್ಲ? ಮಂಡಿ ನೋವು, ಕಾಲಲ್ಲಿ ಬಲ ಇಲ್ಲ, ಬಿದ್ದುಬಿಡ್ತೀನಿ ಅನ್ನೋ ಭಯ. ಹಾಗಾಗಿ ಹೊಸಿಲು ದಾಟಲ್ಲ. ಹೊಸಿಲು ದಾಟದವರಿಗೆ ಬಿಸಿಲೆಲ್ಲಿ? ಡಿ ಇಳಿಯುತ್ತೆ. ಅಂದ್ರೆ ಎಷ್ಟೋ ಸಲ ಬಲಹೀನ ಕಾಲೇ ಮೊದಲು, ಕಮ್ಮಿ ಡಿ ಆಮೇಲೆ. ಸ್ಯಾಶೆ ಆ ನಂಬರನ್ನ ಸರಿ ಮಾಡುತ್ತೆ, ಕಾಲನ್ನಲ್ಲ.

ಅಮೆರಿಕದ ಪ್ರಿವೆಂಟಿವ್ ಸರ್ವೀಸಸ್ ಟಾಸ್ಕ್ ಫೋರ್ಸ್ 2012ರಲ್ಲಿ, ಬೀಳೋದು ತಪ್ಪಿಸೋಕೆ ಡಿ ಕೊಡಿ ಅಂದಿತ್ತು. 2018ರಲ್ಲಿ, ಕೊರತೆಯಾಗಲೀ ಮೂಳೆ ಸವೆತವಾಗಲೀ ಇಲ್ಲದೆ ಮನೆಯಲ್ಲಿ ಓಡಾಡ್ಕೊಂಡಿರೋ 65 ದಾಟಿದವರಿಗೆ ಅದಕ್ಕೋಸ್ಕರ ಡಿ ಬೇಡ ಅಂತು. ಹೊಸ ಲೆಕ್ಕ ಬಂದಾಗ ಅವರು ಮಾತು ಬದಲಾಯಿಸಿದ್ರು. ನಮ್ಮ "ಫುಲ್ ಬಾಡಿ ಚೆಕಪ್" ಜಾಹೀರಾತುಗಳು ಯಾಕೆ ಬದಲಾಯಿಸ್ತಾವೆ ಹೇಳಿ, ಅದು ಅವರ ಸೇಲ್ಸ್ ಅಕೌಂಟ್ 🙂

(4/5)
ಹಾಗಂತ ಡಿ ಪೂರ್ತಿ ಬೋಗಸ್ ಅಂತ ಯಾರೂ ಸ್ಕ್ರೀನ್‌ಶಾಟ್ ಹೊಡೀಬೇಡಿ. ತೀರಾ ಕಮ್ಮಿ ಆದ್ರೆ ಮೂಳೆ ಮೆತ್ತಗಾಗುತ್ತೆ, ಸ್ನಾಯು ಸೋಲುತ್ತೆ, ಅದಕ್ಕೆ ಚಿಕಿತ್ಸೆ ಬೇಕೇ ಬೇಕು. 1992ರಲ್ಲಿ ಫ್ರಾನ್ಸಿನ ವೃದ್ಧಾಶ್ರಮಗಳ ಹೆಂಗಸರಿಗೆ ದಿನಕ್ಕೆ 800 ಐಯು, ಜೊತೆಗೆ ಕ್ಯಾಲ್ಸಿಯಂ ಕೊಟ್ಟಾಗ ಸೊಂಟದ ಮೂಳೆ ಮುರಿಯೋದು ಕಮ್ಮಿ ಆಗಿತ್ತು. ದಿನಕ್ಕೆ 800, ನೆನಪಿರಲಿ. ಡಾಕ್ಟರ್ ಬರೆದುಕೊಟ್ಟಿದ್ರೆ ನನ್ನ ಪೋಸ್ಟ್ ನೋಡಿ ನಿಲ್ಲಿಸ್ಬೇಡಿ. "ತಿಂಗಳಿಗೊಂದು ಎಲ್ಲಿವರೆಗೆ ಸಾರ್?" ಅಂತ ಕೇಳಿ. ನನ್ನ ಜಗಳ ಚೀಟಿ ಇಲ್ಲದೆ ವರ್ಷಗಟ್ಟಲೆ ಸ್ಯಾಶೆ ತರೋರ ಜೊತೆ.

(5/5)
ಬೀಳೋದನ್ನ ತಡೆಯೋದು ಯಾವುದು ಹಾಗಾದ್ರೆ? ವ್ಯಾಯಾಮ. 2019ರಲ್ಲಿ ಕಾಕ್ರೇನ್ ಸಂಸ್ಥೆಯವರು 108 ಪ್ರಯೋಗಗಳನ್ನ ಒಟ್ಟಿಗೆ ನೋಡಿದ್ರು. ವ್ಯಾಯಾಮ ಮಾಡೋರಲ್ಲಿ ಬೀಳೋ ಪ್ರಮಾಣ 23% ಕಮ್ಮಿ. ಬರೀ ವಾಕಿಂಗ್‌ಗೆ ಅಷ್ಟು ಪುರಾವೆ ಇಲ್ಲ. ಸಮತೋಲನದ್ದು ಬೇಕು: ಕುರ್ಚಿಯಿಂದ ಕೈ ಊರದೆ ಎದ್ದು ಕೂರೋದು, ಅಡುಗೆಮನೆ ಕಟ್ಟೆ ಹಿಡ್ಕೊಂಡು ಒಂದು ಕಾಲ ಮೇಲೆ ನಿಲ್ಲೋದು. ಪಕ್ಕದಲ್ಲಿ ಒಬ್ಬರು ಇರಬೇಕು. ಅದೇ ಕಷ್ಟ ನೋಡಿ. ಸ್ಯಾಶೆಗೆ ಯಾರೂ ಪಕ್ಕದಲ್ಲಿ ನಿಲ್ಲಬೇಕಾಗಿಲ್ಲ.

ನಮ್ಮಜ್ಜಿ ಹೋದ ಮಳೆಗಾಲದಲ್ಲಿ ರಾತ್ರಿ ಬಚ್ಚಲಿಗೆ ಹೋಗಿ ಬಿದ್ದು ಮಣಿಕಟ್ಟು ಮುರ್ಕೊಂಡ್ರು. ಸವೆದ ಹವಾಯಿ ಚಪ್ಪಲಿ, ಒದ್ದೆ ನೆಲ, ಲೈಟ್ ಸ್ವಿಚ್ ಬಾಗಿಲಾಚೆ, ಒಂದು ಕಣ್ಣಲ್ಲಿ ಪೊರೆ, ಜೊತೆಗೆ ನಿದ್ದೆ ಮಾತ್ರೆ. ಆಮೇಲೆ ಚೆಕಪ್ ಪ್ಯಾಕೇಜ್ ಮಾಡ್ಸಿದ್ದಾಯ್ತು. ಆ ಪ್ಯಾಕೇಜ್ ದುಡ್ಡಲ್ಲಿ ಎರಡು ಸ್ಟೀಲ್ ಕಂಬಿ, ಡ್ರಿಲ್ ಮಾಡೋರ ಕೂಲಿ, ಒಂದು ರಬ್ಬರ್ ಮ್ಯಾಟ್ ಬಂದು ಇನ್ನೂ ಮಿಕ್ಕಿರೋದು. "ಡಿ ನಾರ್ಮಲ್ ಬಂತು" ಅಂತ ಚಿಕ್ಕಪ್ಪ ಫ್ಯಾಮಿಲಿ ಗ್ರೂಪಲ್ಲಿ ರಿಪೋರ್ಟ್ ಹಾಕಿದ್ರು, ಎಲ್ಲರೂ 🙏 ಹಾಕಿದ್ರು. ಕಂಬಿ ವಿಷಯ ಎತ್ತಿದ್ರೆ "ಟೈಲ್ಸ್ ಒಡೆಯುತ್ತೆ" ಅಂತಾರೆ.

ಗೋಡೆ ಪಕ್ಕ ಅಜ್ಜಿನ ನಿಲ್ಲಿಸಿ ಎತ್ತರ ಅಳತೆ ತಗೊಂಡು ಪೆನ್ಸಿಲಲ್ಲಿ ಗುರುತು ಹಾಕಿದ್ದೀನಿ. ಚಿಕ್ಕಪ್ಪ, ನೀವು ಇದನ್ನ ನೋಡ್ತೀರಾ ಅಂತ ಗೊತ್ತು, ಭಾನುವಾರ ಡ್ರಿಲ್ ಮಷಿನ್ ತನ್ನಿ.

ಮುಂದಿನ ವಾರ: ನಿದ್ದೆ ಮಾತ್ರೆ, ಬಿಪಿ ಮಾತ್ರೆ, ಎದ್ದ ತಕ್ಷಣ ತಲೆ ಸುತ್ತೋದು.

#ಬಚ್ಚಲುಮನೆ #ವಿಟಮಿನ್‌ಡಿ #ಅಜ್ಜಿ