ಲೆಕ್ಕ ನೋಡುವವರು ನಮ್ಮೊಳಗಿಂದಲೂ ಬರಲಿ



ಎಲೆ ತೂಗುವ ಹೊತ್ತಿಗೆ ತಕ್ಕಡಿಯ ಮುಂದೆ ಕಣ್ಣು ಮುಚ್ಚಿ ನಿಲ್ಲುವವರು ನಮ್ಮ ತೋಟಗಳಲ್ಲಿ ಯಾರೂ ಇಲ್ಲ. ಮುಳ್ಳು ಎಲ್ಲಿ ನಿಂತಿತು, ಚೀಲದ ತೂಕವೆಂದು ಎಷ್ಟು ಕಳೆದರು, ಮಳೆಯ ದಿನ ನೀರಿನ ಬಾಬ್ತು ಎಷ್ಟು ಹೋಯಿತು, ರೈಟರು ಪುಸ್ತಕದಲ್ಲಿ ಯಾವ ಅಂಕಿ ಬರೆದರು ಎಂಬುದನ್ನು ಓದು ಬರಹ ಬಾರದ ತಾಯಂದಿರು ಸಹ ಮನಸ್ಸಿನಲ್ಲಿ ಇಟ್ಟುಕೊಂಡು, ಬಟವಾಡೆಯ ದಿನ ಚೀಟಿಯೊಡನೆ ತಾಳೆ ನೋಡುತ್ತಾರೆ. ಅದನ್ನು ಯಾರೂ ಜಗಳಗಂಟಿತನವೆಂದು ಕರೆಯುವುದಿಲ್ಲ. ದುಡಿದವರು ತಮ್ಮ ದುಡಿಮೆಯ ಲೆಕ್ಕ ನೋಡುವುದು ನ್ಯಾಯವೇ.

ಆದರೆ ಅದೇ ಜನರು ಸಂಜೆ ಲೈನಿಗೆ ಬಂದು ಉಳಿತಾಯ ಗುಂಪಿನ ಕೂಟದಲ್ಲಿ ಕುಳಿತರೆ ಬೇರೆಯೇ ಸ್ವಭಾವ! ವಾರಕ್ಕೆ 50 ರೂಪಾಯಿಯೋ 100 ರೂಪಾಯಿಯೋ ಕಟ್ಟುತ್ತೇವೆ. ಮರಣನಿಧಿಗೆ ಬೇರೆ, ಮಕ್ಕಳ ಫೀಸಿನ ನಿಧಿಗೆ ಬೇರೆ. ವರ್ಷದ ಕೊನೆಯಲ್ಲಿ ಕಾರ್ಯದರ್ಶಿಗಳು ಎದ್ದು ನಿಂತು ಜಮೆ ಇಷ್ಟು, ಖರ್ಚು ಇಷ್ಟು, ಕೈಶಿಲ್ಕು ಇಷ್ಟು ಎಂದು ಓದುತ್ತಾರೆ. ನಾವು ಕೈ ಎತ್ತಿ ಒಪ್ಪಿಗೆ ಕೊಟ್ಟು ಚಹಾ ಕುಡಿದು ಎದ್ದು ಬರುತ್ತೇವೆ. ಆ ಕೈಶಿಲ್ಕು ಯಾರ ಕೈಯಲ್ಲಿದೆ ಎಂದು ಕೇಳುವವರಿಲ್ಲ. ಕೇಳಿದರೆ ಅವಮಾನ ಮಾಡಿದಂತಾಯಿತೆಂಬ ಸಂಕೋಚ.

ಇಂಥ ಗುಂಪು ಮುರಿದುಬಿದ್ದಾಗ ಹೋಗುವುದು ಹಣ ಮಾತ್ರವೇ ಆಗಿದ್ದರೆ ಹೇಗಾದರೂ ಸಹಿಸಬಹುದಿತ್ತು. ಒಂದೇ ನಡುಗೋಡೆಯ ಆಚೆ ಈಚೆ ಇಪ್ಪತ್ತು ವರ್ಷ ಬಾಳಿದವರು ಮಾತು ಬಿಡುತ್ತಾರೆ. ನಿಧಿಯನ್ನು ನಂಬಿ ಮಗಳನ್ನು ಕಾಲೇಜಿಗೆ ಸೇರಿಸಿದವಳು ಎರಡನೆಯ ವರ್ಷದಲ್ಲಿ ಅವಳನ್ನು ಹಿಂದಕ್ಕೆ ಕರೆಸಬೇಕಾಗುತ್ತದೆ. ಖಜಾಂಚಿಯು ನಿಜವಾಗಿ ಕಳ್ಳನೇ ಆಗಿರಬೇಕೆಂದಿಲ್ಲ. ಬಹಳ ಕಡೆ ಆತನು ರಸೀದಿ ಬರೆಯಲು ಮರೆತ, ಎರಡು ನಿಧಿಗಳ ಹಣವನ್ನು ಒಂದೇ ಡಬ್ಬಿಯಲ್ಲಿ ಹಾಕಿದ ಸಾಧು ಮನುಷ್ಯ. ಮೂರು ತಿಂಗಳಿಗೊಮ್ಮೆ ಯಾರಾದರೂ ಪುಸ್ತಕ ತೆರೆದು ನೋಡಿದ್ದರೆ ಆ ಮನುಷ್ಯನ ಮಾನವೂ ಉಳಿಯುತ್ತಿತ್ತು, ಮಗುವಿನ ಓದೂ ಉಳಿಯುತ್ತಿತ್ತು.

ಲೆಕ್ಕ ತಪಾಸಣೆಯಲ್ಲಿ ಎರಡು ಬಗೆಯುಂಟು. ವರ್ಷ ಮುಗಿದ ಮೇಲೆ ಹೊರಗಿನಿಂದ ಬಂದು, ನಡೆದುಹೋದುದನ್ನು ನೋಡಿ, ಅಢಾವೆ ಪತ್ರಿಕೆಗೆ ಸಹಿ ಹಾಕಿ ಹೋಗುವವರು ಒಂದು ಬಗೆ. ವರ್ಷವಿಡೀ ಸಂಸ್ಥೆಯ ಒಳಗೇ ಇದ್ದು, ಕೆಲಸ ನಡೆಯುವಾಗಲೇ ನೋಡುತ್ತ, ಎಲ್ಲಿ ತೂತು ಬೀಳಬಹುದೆಂದು ಮುಂಚಿತವಾಗಿ ಹೇಳುವವರು ಇನ್ನೊಂದು ಬಗೆ. ಈ ಎರಡನೆಯದಕ್ಕೆ ಆಫೀಸಿನವರು ಇಂಟರ್ನಲ್ ಆಡಿಟ್ ಎನ್ನುತ್ತಾರೆ. ನಾವು ಒಳ ತಪಾಸಣೆ ಎಂದರೆ ಸಾಕು. ಹೀಗೆ ನೋಡುವವನು ಹಣ ಇಟ್ಟುಕೊಂಡವನ ಕೈಕೆಳಗೆ ಇರಕೂಡದು. ತಾನು ಕಂಡದ್ದನ್ನು ನೇರವಾಗಿ ಆಡಳಿತ ಮಂಡಳಿಯ ಮುಂದೆ ಹೇಳತಕ್ಕದ್ದು. ಈ ಒಂದು ಕಟ್ಟಳೆ ತಪ್ಪಿದರೆ ಉಳಿದದ್ದೆಲ್ಲ ಕಾಗದದ ಕೆಲಸವಾಗುತ್ತದೆ.

ಈ ಕೆಲಸ ಮಾಡುವವರಿಗೆ ತಮ್ಮದೇ ಒಂದು ಸಂಘವಿದೆ. 1941ರಲ್ಲಿ ಅಮೆರಿಕದ ನ್ಯೂಯಾರ್ಕಿನಲ್ಲಿ 24 ಮಂದಿ ಕೂಡಿ ಆರಂಭಿಸಿದ ಇನ್‌ಸ್ಟಿಟ್ಯೂಟ್ ಆಫ್ ಇಂಟರ್ನಲ್ ಆಡಿಟರ್ಸ್ ಎಂಬ ಆ ಸಂಘವು ಇಂದು ಲೋಕದ ಅನೇಕ ದೇಶಗಳಿಗೆ ಹರಡಿದೆ. ನಮ್ಮ ದೇಶದಲ್ಲಿ ಬೆಂಗಳೂರು, ಮದ್ರಾಸು, ಹೈದರಾಬಾದು, ಮುಂಬಯಿ, ಕಲ್ಕತ್ತ, ದೆಹಲಿಗಳಲ್ಲಿ ಅದರ ಸ್ಥಳೀಯ ಶಾಖೆಗಳುಂಟು. ನಮ್ಮ ಗಮನವನ್ನು ಸೆಳೆದದ್ದು ಅದರ ದೊಡ್ಡಸ್ತಿಕೆಯಲ್ಲ, ಈ ಸ್ಥಳೀಯ ಶಾಖೆಗಳು ನಡೆಯುವ ರೀತಿ. ಅವುಗಳ ಪದಾಧಿಕಾರಿಗಳು ಸದಸ್ಯರೊಳಗಿಂದಲೇ ಬಂದ ಸ್ವಯಂಸೇವಕರು. ಹಗಲು ಬ್ಯಾಂಕಿನಲ್ಲೋ ಕಾರ್ಖಾನೆಯಲ್ಲೋ ದುಡಿದು, ಬಿಡುವಿನ ವೇಳೆಯಲ್ಲಿ ಉಪನ್ಯಾಸ ಏರ್ಪಡಿಸುವುದು, ಕಾಲೇಜಿಗೆ ಹೋಗಿ ವಿದ್ಯಾರ್ಥಿಗಳೊಡನೆ ಮಾತನಾಡುವುದು, ಪರೀಕ್ಷೆಗೆ ಕೂಡುವ ಕಿರಿಯರಿಗೆ ಪಾಠ ಹೇಳಿಕೊಡುವುದು ಇವರ ಸೇವೆ. ಪರೀಕ್ಷೆ ಪಾಸಾದವರೂ ಕಲಿಯುವುದನ್ನು ಬಿಡುವಂತಿಲ್ಲ. ಕೆಲಸದಲ್ಲಿರುವ ಪ್ರಮಾಣಿತ ತಪಾಸಿಗನು ವರ್ಷಕ್ಕೆ 40 ಗಂಟೆಯ ಶಿಕ್ಷಣ ಪಡೆಯಲೇಬೇಕೆಂಬ ನಿಯಮವಿದೆ. ಆದುದರಿಂದ ಶಾಖೆಗಳಲ್ಲಿ ಯಾವಾಗಲೂ ಏನಾದರೂ ಕಲಿಕೆ ನಡೆಯುತ್ತಿರುತ್ತದೆ, ಅದನ್ನು ನಡೆಸಲು ಕೈಗಳು ಬೇಕಾಗಿರುತ್ತವೆ.

ಬಿ.ಕಾಂ. ಓದುತ್ತಿರುವ ನಮ್ಮ ಹುಡುಗಿಯೊಬ್ಬಳು ಇಂಥ ಕೂಟದಲ್ಲಿ ಕುರ್ಚಿ ಜೋಡಿಸಲು, ಹೆಸರು ಬರೆದುಕೊಳ್ಳಲು ನಿಂತರೂ ಲಾಭವೇ. ಇಪ್ಪತ್ತು ವರ್ಷ ಅನುಭವವುಳ್ಳವರು ಗೋದಾಮಿನ ದಾಸ್ತಾನನ್ನು ಹೇಗೆ ಎಣಿಸುತ್ತಾರೆ, ಸುಳ್ಳು ಓಚರನ್ನು ಹೇಗೆ ಗುರುತಿಸುತ್ತಾರೆ, ಮೇಲಧಿಕಾರಿಯ ಮುಖ ಕೆಂಪಾದಾಗಲೂ ಸತ್ಯವನ್ನು ಯಾವ ಮಾತಿನಲ್ಲಿ ಹೇಳುತ್ತಾರೆ ಎಂಬುದನ್ನು ಹತ್ತಿರದಿಂದ ಕೇಳುತ್ತಾಳೆ. ಪುಸ್ತಕದಲ್ಲಿ ಇದೆಲ್ಲ ಇಷ್ಟು ಸಲೀಸಾಗಿ ಸಿಗದು. ತೋಟದಿಂದ ಹೊರಟ ನಮ್ಮ ಮಕ್ಕಳಿಗೆ ಪಟ್ಟಣದಲ್ಲಿ ಕೊರತೆಯಾಗುವುದು ಬುದ್ಧಿಯಲ್ಲ, ಪರಿಚಯ. ಒಬ್ಬ ಹಿರಿಯರು ತಮ್ಮನ್ನು ಹೆಸರು ಹಿಡಿದು ಕರೆಯುವಂತಾದರೆ ಅರ್ಧ ದಾರಿ ನಡೆದಂತೆ.

ಪರೀಕ್ಷೆಯ ವಿಷಯವನ್ನೂ ಹೇಳಿಬಿಡುತ್ತೇವೆ. ಸರ್ಟಿಫೈಡ್ ಇಂಟರ್ನಲ್ ಆಡಿಟರ್ ಎಂಬ ಅರ್ಹತೆಯ ಪರೀಕ್ಷೆಯನ್ನು ಆ ಸಂಘವು 1974ರಿಂದ ನಡೆಸುತ್ತಿದೆ. ಈಗ ಅದರಲ್ಲಿ ಮೂರು ಭಾಗಗಳು. ಶುಲ್ಕ ನಮ್ಮಂಥವರಿಗೆ ಹಗುರವಲ್ಲ, ಪರೀಕ್ಷೆಯೊಡನೆ ಕೆಲಸದ ಅನುಭವವನ್ನೂ ಕೇಳುತ್ತಾರೆ. ಆದುದರಿಂದ ಮೊದಲು ಓದು, ಆಮೇಲೆ ಸಣ್ಣದಾದರೂ ಒಂದು ಲೆಕ್ಕದ ಕೆಲಸ, ಅದರ ಮೇಲೆ ಈ ಪರೀಕ್ಷೆ ಎಂಬ ಕ್ರಮವೇ ನಮಗೆ ಸರಿಯೆಂದು ತೋರುತ್ತದೆ. ಆರು ವಾರದಲ್ಲಿ ಆಡಿಟರ್ ಮಾಡಿಬಿಡುತ್ತೇವೆ, ಇಷ್ಟು ಸಾವಿರ ಕಟ್ಟಿರಿ ಎಂದು ಫೋನಿನಲ್ಲಿ ಕರೆಯುವವರು ಹೆಚ್ಚಾಗಿದ್ದಾರೆ. ಅವರಿಗೆ ಒಂದು ಕಾಸನ್ನೂ ಕೊಡಬೇಡಿರಿ. ಆ ಅರ್ಹತೆಯು ಸಂಘದ ಪರೀಕ್ಷೆ ಪಾಸಾಗದೆ ಯಾರಿಗೂ ಸಿಗುವುದಿಲ್ಲ.

ಕೆಲಸ ಉಂಟೇ ಎಂದು ತಂದೆತಾಯಿಗಳು ಕೇಳುವುದು ಸಹಜ. 2013ರ ಕಂಪನಿ ಕಾಯ್ದೆಯ 138ನೇ ಕಲಮಿನ ಪ್ರಕಾರ ಷೇರುಪೇಟೆಯ ಪಟ್ಟಿಯಲ್ಲಿರುವ ಕಂಪನಿಗಳೆಲ್ಲವೂ, ಬಂಡವಾಳ ಅಥವಾ ವಹಿವಾಟು ಗೊತ್ತಾದ ಮಿತಿಯನ್ನು ದಾಟಿದ ಬೇರೆ ಕೆಲವು ಕಂಪನಿಗಳೂ ಒಳ ತಪಾಸಿಗರನ್ನು ನೇಮಿಸಬೇಕು. ಚಾರ್ಟರ್ಡ್ ಅಕೌಂಟೆಂಟರು, ಕಾಸ್ಟ್ ಅಕೌಂಟೆಂಟರು ಮಾತ್ರವಲ್ಲ, ಆಡಳಿತ ಮಂಡಳಿಯು ನಿಶ್ಚಯಿಸುವ ಬೇರೆ ವೃತ್ತಿಪರರೂ ಆಗಬಹುದೆಂದು ಕಾಯ್ದೆಯಲ್ಲಿದೆ. ಷೇರುಪೇಟೆಯ ಪಟ್ಟಿಯಲ್ಲಿರುವ ಚಹಾ ಕಾಫಿ ಕಂಪನಿಗಳಿಗೂ ಇದು ಅನ್ವಯಿಸುತ್ತದೆ. ಜೀಪಿನಲ್ಲಿ ಬಂದಿಳಿದು ಚೆಕ್‌ರೋಲು, ಗೊಬ್ಬರದ ದಾಸ್ತಾನು, ತೂಕದ ಪುಸ್ತಕ ತರಿಸಿ ನೋಡುವ ಆಡಿಟಿನವರನ್ನು ನಮ್ಮ ಮಕ್ಕಳು ದೂರದಿಂದ ನೋಡಿದ್ದಾರೆ. ಚೀಲಕ್ಕೆ ಎಷ್ಟು ತೂಕ ಕಳೆಯುವುದು ನ್ಯಾಯ ಎಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ನಮ್ಮ ಲೈನುಗಳಲ್ಲೇ ಇದ್ದಾರಲ್ಲ!

ಬೆಂಗಳೂರು, ಮದ್ರಾಸು ದೂರವಾಯಿತು ಎನ್ನುವವರಿಗೆ ಹತ್ತಿರದ ಎರಡು ಉದಾಹರಣೆಗಳಿವೆ.

ಕೇರಳದಲ್ಲಿ 1998ರಲ್ಲಿ ಆರಂಭವಾದ ಕುಟುಂಬಶ್ರೀಯನ್ನು ವಯನಾಡು, ಕಾಸರಗೋಡುಗಳ ನಮ್ಮ ಓದುಗರಿಗೆ ಪರಿಚಯ ಮಾಡಿಕೊಡಬೇಕಾದುದಿಲ್ಲ, ಮನೆಗೊಬ್ಬರು ಅಯಲ್‌ಕೂಟದಲ್ಲಿದ್ದಾರೆ. ಹತ್ತರಿಂದ ಇಪ್ಪತ್ತು ಮಂದಿ ಹೆಂಗಸರ ಆ ಕೂಟಗಳ ಪುಸ್ತಕಗಳನ್ನು ತಪಾಸಣೆ ಮಾಡಲು ದೂರದ ಪಟ್ಟಣದಿಂದ ಆಡಿಟರುಗಳನ್ನು ತರಿಸುವುದಕ್ಕೆ ಬದಲಾಗಿ, ಅದೇ ಕುಟುಂಬಗಳ ವಾಣಿಜ್ಯ ಓದಿದವರಿಗೆ ತರಬೇತಿ ಕೊಟ್ಟು ಒಂದು ಲೆಕ್ಕ ತಪಾಸಣಾ ಸೇವಾ ಸಂಘವನ್ನೇ ಕಟ್ಟಿದರು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಓದಿದರೆ ಕಾಸ್ ಎಂದಾಗುತ್ತದೆ, ನಮ್ಮ ಕಾಸಿನ ಹಾಗೆಯೇ. ಇದು ಬರೀ ಸೇವೆಯಲ್ಲ, ಸಂಪಾದನೆಯ ದಾರಿಯೂ ಹೌದು. ಅಯಲ್‌ಕೂಟಕ್ಕೆ ಹೋಗುವ ತಾಯಂದಿರು ಮುಂದಿನ ಸಲ ಲೆಕ್ಕ ನೋಡಲು ಬಂದವರನ್ನು ಕೇಳಲಿ: ನೀವು ಇದನ್ನು ಎಲ್ಲಿ ಕಲಿತಿರಿ, ನನ್ನ ಮಗಳೂ ಕಲಿಯಬಹುದೇ?

ಇನ್ನೊಂದು ಉದಾಹರಣೆ ಆಂಧ್ರದ್ದು, ರಾಯದುರ್ಗ ಮಡಕಶಿರಾ ಕಡೆಯ ನಮ್ಮವರು ಕಣ್ಣಾರೆ ಕಂಡದ್ದು. ಗ್ರಾಮೀಣ ಉದ್ಯೋಗ ಖಾತರಿಯ ಕೆಲಸವು 2006ರ ಫೆಬ್ರವರಿಯಲ್ಲಿ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ ಉದ್ಘಾಟನೆಯಾಯಿತು. ಅದರ ಲೆಕ್ಕವನ್ನು ಜನರೇ ನೋಡಬೇಕೆಂದು 2005ರ ಆ ಕಾಯ್ದೆಯ 17ನೇ ಕಲಮು ವಿಧಿಸಿತ್ತು. ಆಂಧ್ರ ಸರಕಾರವು ಕೂಲಿಗಾರರ ಮನೆಗಳ ಓದಿದ ತರುಣ ತರುಣಿಯರನ್ನೇ ಆರಿಸಿ ಕೆಲವೇ ದಿನಗಳ ತರಬೇತಿ ಕೊಟ್ಟಿತು. ಅವರು ಹಾಜರಿ ಪಟ್ಟಿಯನ್ನು ಕೈಯಲ್ಲಿ ಹಿಡಿದು ಮನೆಮನೆಗೆ ಹೋದರು. ನಿನ್ನ ಹೆಸರಿನಲ್ಲಿ ಇಷ್ಟು ದಿನದ ಕೂಲಿ ಬರೆದಿದೆ, ನಿನಗೆ ಮುಟ್ಟಿತೇ ಎಂದು ಕೇಳಿದರು. ಸತ್ತವರ ಹೆಸರು, ಊರಲ್ಲೇ ಇಲ್ಲದವರ ಹೆಸರು ಹೊರಬಿದ್ದವು. ಕಂಡದ್ದನ್ನು ಎಲ್ಲರ ಎದುರು ಗಟ್ಟಿಯಾಗಿ ಓದಿದರು. ಸ್ವಂತ ಊರಿನ ಲೆಕ್ಕವನ್ನು ತಾನೇ ನೋಡಬಾರದೆಂಬ ನಿಯಮವನ್ನು ನಾವು ಅವರಿಂದ ಕಡ ತರಲೇಬೇಕು. ಮಾವನ ಪುಸ್ತಕವನ್ನು ಸೊಸೆ ನೋಡಿದರೆ ಒಂದೋ ತಪಾಸಣೆ ಕೆಡುತ್ತದೆ, ಇಲ್ಲವೆ ಸಂಸಾರ ಕೆಡುತ್ತದೆ.

ಹಿರಿಯರನ್ನು ಸಂಶಯಿಸಿದಂತಾಗುವುದಿಲ್ಲವೇ ಎಂಬ ಆಕ್ಷೇಪಣೆ ಬರುವುದೆಂದು ಬಲ್ಲೆವು. ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಹಣದ ಕೆಲಸಕ್ಕೆ ಪೌಲನು ತೀತನೊಬ್ಬನನ್ನೇ ಕಳುಹಿಸಲಿಲ್ಲ, ಸಭೆಗಳು ಆರಿಸಿದ ಸಹೋದರನನ್ನೂ ಜೊತೆಗೆ ಕಳುಹಿಸಿದನು. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 8ನೇ ಅಧ್ಯಾಯದಲ್ಲಿ ಅದರ ಕಾರಣವೂ ಇದೆ: ತಪ್ಪು ಹೊರಿಸಲು ಯಾರಿಗೂ ಎಡೆ ಇರಬಾರದು. ಪ್ರಾಮಾಣಿಕನಾದ ಖಜಾಂಚಿಗೆ ಎರಡನೆಯ ಜೋಡಿ ಕಣ್ಣುಗಳು ಕೊಡೆಯಿದ್ದಂತೆ. ಯಾರೂ ನೋಡಕೂಡದೆಂದು ಹಟ ಹಿಡಿಯುವವರ ಕೈಯಲ್ಲಿ ಡಬ್ಬಿಯನ್ನು ಬಿಡುವುದು ಒಳ್ಳೆಯದಲ್ಲ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಹಾಗಾದರೆ ನಮ್ಮ ಕೂಟಗಳಲ್ಲಿ ಮಾಡತಕ್ಕದ್ದೇನು? ಪ್ರತಿ ಕೂಟವು ಹತ್ತನೆಯ ತರಗತಿ ದಾಟಿದ ಇಬ್ಬರನ್ನು ಆರಿಸಲಿ, ಅವರಲ್ಲಿ ಒಬ್ಬಳಾದರೂ ಹೆಣ್ಣುಮಗಳಾಗಿರಲಿ. ಹಣ ಇಡುವವರ ಹತ್ತಿರದ ನೆಂಟರು ಬೇಡ. ಒಂದು ತೋಟದವರು ಪಕ್ಕದ ತೋಟದ ಕೂಟದ ಪುಸ್ತಕ ನೋಡಲಿ. ಮೂರು ತಿಂಗಳಿಗೊಮ್ಮೆ ಒಂದು ಭಾನುವಾರದ ಮಧ್ಯಾಹ್ನ ಸಾಕು. ಮೊದಲು ಡಬ್ಬಿ ತೆರೆಸಿ, ಖಜಾಂಚಿಯ ಎದುರಿನಲ್ಲೇ ಹಣ ಎಣಿಸಿ, ಖಿರ್ದಿಯ ಕೈಶಿಲ್ಕಿನೊಡನೆ ತಾಳೆ ನೋಡುವುದು. ಪುಸ್ತಕ ನೋಡಿದ ಮೇಲೆ ಎಣಿಸಬೇಡಿರಿ, ಮೊದಲೇ ಎಣಿಸಿರಿ. ಅನಂತರ ರಸೀದಿಗಳ ನಂಬರು ಎಲ್ಲಾದರೂ ಹಾರಿದೆಯೇ ಎಂದು ನೋಡುವುದು. ಬ್ಯಾಂಕಿನ ಪಾಸ್‌ಬುಕ್ಕನ್ನು ಅಂದೇ ಬರೆಸಿ ತರಿಸುವುದು. ಸಾಲ ಪಡೆದವರ ಪಟ್ಟಿಯಿಂದ ನಾಲ್ಕು ಹೆಸರುಗಳನ್ನು ತೆಗೆದು, ಅವರ ಮನೆಗೆ ಹೋಗಿ, ನಿಮ್ಮ ಲೆಕ್ಕದಲ್ಲಿ ಎಷ್ಟು ಬಾಕಿ ಎಂದು ಕೇಳುವುದು. ಹೆಚ್ಚಿನ ತಪ್ಪುಗಳು ಸಿಗುವುದು ಈ ಕೊನೆಯ ಕೆಲಸದಲ್ಲಿಯೇ. ಸಾಲಗಾರನ ಮನಸ್ಸಿನಲ್ಲಿರುವ ಅಂಕಿಗೂ ಪುಸ್ತಕದ ಅಂಕಿಗೂ ವ್ಯತ್ಯಾಸ ಬಂದಲ್ಲಿ ಇಬ್ಬರಲ್ಲಿ ಯಾರನ್ನೂ ಗದರಿಸದೆ ಎರಡನ್ನೂ ಬರೆದುಕೊಳ್ಳಬೇಕು.

ಕಂಡದ್ದನ್ನು ಒಂದು ಹಾಳೆಯಲ್ಲಿ ಬರೆದು, ಖಜಾಂಚಿಗೆ ಮೊದಲು ಓದಿ ಹೇಳಿ, ಅವರ ಉತ್ತರವನ್ನೂ ಅದರ ಕೆಳಗೆ ಬರೆದು, ಆಮೇಲೆ ಸರ್ವಸದಸ್ಯರ ಕೂಟದಲ್ಲಿ ಓದುವುದು. ನೀರಿನ ಪೈಪಿನ ಬಳಿ, ಚಹಾ ಅಂಗಡಿಯಲ್ಲಿ ಒಂದು ಮಾತೂ ಆಡತಕ್ಕದ್ದಲ್ಲ. ಬಾಯಿ ಬಿಗಿಹಿಡಿಯಲಾರದ ತರುಣನು ಲೆಕ್ಕದಲ್ಲಿ ಎಷ್ಟೇ ಜಾಣನಾದರೂ ಈ ಕೆಲಸಕ್ಕೆ ಬೇಡ.

ಹೀಗೆ ಎರಡು ವರ್ಷ ದುಡಿದ ಹುಡುಗಿಗೆ ಕೂಟದವರು ಅವಳು ಮಾಡಿದ ಕೆಲಸವನ್ನು ವಿವರವಾಗಿ ಬರೆದು ಪತ್ರ ಕೊಡಲಿ. ಕೆಲಸ ಕೇಳಲು ಹೋದಾಗ ಅದು ಉಪಯೋಗಕ್ಕೆ ಬರುತ್ತದೆ. ಎರಡು ವರ್ಷದ ಮೇಲೆ ಅವಳನ್ನು ಬಿಟ್ಟು ಹೊಸಬರನ್ನು ಆರಿಸಿರಿ. ಒಬ್ಬರೇ ಹತ್ತು ವರ್ಷ ನೋಡಿದರೆ ಅವರೂ ಖಜಾಂಚಿಯ ಗೆಳೆಯರಾಗುತ್ತಾರೆ. ಸೇವೆಯೆಂದು ಹೇಳಿ ಬಡವರ ಮಕ್ಕಳನ್ನು ಪುಕ್ಕಟೆ ದುಡಿಸುವುದೂ ನಮಗೆ ಒಪ್ಪಿಗೆಯಲ್ಲ. ಬಸ್ ಚಾರ್ಜು, ಮಧ್ಯಾಹ್ನದ ಊಟ, ಒಂದು ನೋಟುಬುಕ್ಕು, ಪೆನ್ನು, ಇಷ್ಟನ್ನು ಕೂಟದ ಖರ್ಚಿನಿಂದ ಕೊಡಬೇಕೆಂದು ಮೊದಲ ದಿನವೇ ಠರಾವು ಮಾಡಿ ನಡವಳಿ ಪುಸ್ತಕದಲ್ಲಿ ಬರೆಯಿರಿ. ಆ ಖರ್ಚಿಗೂ ರಸೀದಿ ಇರಲಿ.