ಚಟಕ್ಕೆ ಮದ್ದುಂಟು, ಅದು ತಾಲೂಕಿಗೆ ಬರಲಿ

ಅಫೀಮು, ಹೆರಾಯಿನ್ ಮತ್ತು ಅದೇ ಜಾತಿಯ ನೋವಿನ ಮಾತ್ರೆಗಳ ಚಟಕ್ಕೆ ಬಿದ್ದವನಿಗೆ ನಮ್ಮ ಸಮಾಜ ತೋರಿಸುವ ಹಾದಿಗಳು ಎರಡೇ. ಒಂದು ಪೊಲೀಸ್ ಠಾಣೆ, ಇನ್ನೊಂದು ದೇವರ ಮುಂದಿನ ಆಣೆ. ಠಾಣೆಯಿಂದ ಬಂದವನೂ ಆಣೆ ಇಟ್ಟವನೂ ಮತ್ತೆ ಅದೇ ಹೊಂಡಕ್ಕೆ ಬೀಳುವುದನ್ನು ಕಣ್ಣಾರೆ ಕಂಡರೂ ನಾವು ಹಾದಿ ಬದಲಿಸಿಲ್ಲ. ಮೂರನೆಯ ಹಾದಿಯೊಂದುಂಟು. ದಿನಕ್ಕೊಂದು ಹೊತ್ತು ಮದ್ದು, ಅದರ ಜೊತೆಗೆ ತಿಳಿದವರ ಆಪ್ತ ಸಲಹೆ. ಈ ಹಾದಿ ಹಲವು ದೇಶಗಳಲ್ಲಿ ಪರೀಕ್ಷೆಗೆ ಒಳಗಾಗಿ ಗೆದ್ದಿದೆ. ಅದನ್ನು ಬಡವನ ಕೈಗೆಟುಕುವಂತೆ ಮಾಡುವುದು ಸರಕಾರದ ಹೊಣೆ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಸಮಸ್ಯೆಯ ಗಾತ್ರವನ್ನು ಮೊದಲು ನೋಡೋಣ. ಕೇಂದ್ರ ಸಾಮಾಜಿಕ ನ್ಯಾಯ ಮಂತ್ರಾಲಯವು ದಿಲ್ಲಿಯ ಏಮ್ಸ್ ಸಂಸ್ಥೆಯಿಂದ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಹೊರಬಂತು. ಅದರ ಪ್ರಕಾರ ದೇಶದಲ್ಲಿ ಸುಮಾರು 2 ಕೋಟಿ 26 ಲಕ್ಷ ಜನ ಅಫೀಮಿನ ಜಾತಿಯ ವಸ್ತುಗಳನ್ನು ಬಳಸುತ್ತಿದ್ದರು. ಅವರಲ್ಲಿ ಸುಮಾರು 77 ಲಕ್ಷ ಮಂದಿಗೆ ಆ ಬಳಕೆಯಿಂದ ಹೊರಬರಲು ನೆರವು ಬೇಕಾಗಿತ್ತು. ನಿಷಿದ್ಧ ಮಾದಕ ವಸ್ತುಗಳಿಗೆ ದಾಸರಾದವರಲ್ಲಿ ಎಂದಾದರೂ ಚಿಕಿತ್ಸೆಯ ಮುಖ ಕಂಡವರು ಇಪ್ಪತ್ತರಲ್ಲಿ ಒಬ್ಬರು. ಉಳಿದ ಹತ್ತೊಂಬತ್ತು ಮಂದಿ ಯಾರ ಲೆಕ್ಕಕ್ಕೂ ಸೇರಿಲ್ಲ.

ಇದು ಪಂಜಾಬಿನ ಪಾಡು, ಮಣಿಪುರದ ಪಾಡು, ನಮಗೇಕೆ ಎನ್ನುವವರಿದ್ದಾರೆ. ಈ ವಿಷ ಈಗ ಗಡಿ ದಾಟಿ ಬರುವ ಪೊಟ್ಟಣದಲ್ಲಿ ಮಾತ್ರ ಇಲ್ಲ, ಔಷಧದ ಪಟ್ಟಿಯಲ್ಲೂ ಇದೆ. ಟ್ರಮಡಾಲ್ ಎಂಬ ನೋವಿನ ಮಾತ್ರೆಯನ್ನು 2018ರಲ್ಲಿ ಮಾದಕ ವಸ್ತುಗಳ ಕಾನೂನಿನ ಕೆಳಗೆ ತರಬೇಕಾಯಿತು. ಟಪೆಂಟಡಾಲ್ ಮಾತ್ರೆಗಳನ್ನು ಚಟಕ್ಕಾಗಿ ಮಾರುತ್ತಿದ್ದವರನ್ನು ಕರ್ನಾಟಕದ ಪೊಲೀಸರೂ ಹಿಡಿದಿದ್ದಾರೆ. ಬೆನ್ನು ಮುರಿಯುವ ದುಡಿಮೆಯವನಿಗೆ ನೋವಿನ ಮಾತ್ರೆ ಮೊದಲು ಆಸರೆಯಾಗಿ ಬಂದು ಆಮೇಲೆ ಯಜಮಾನನಾಗಿ ಕೂರುವುದು ಕಷ್ಟವೇನಲ್ಲ.

ಚಟವನ್ನು ಮನಸ್ಸಿನ ದೌರ್ಬಲ್ಯವೆಂದು ಹೀಗಳೆಯುವವರು ಒಂದು ವಿಷಯ ತಿಳಿಯಬೇಕು. ಈ ವಸ್ತುಗಳು ಮೆದುಳಿನಲ್ಲಿ ತಮಗೆ ಹೊಂದುವ ನೆಲೆಗಳ ಮೇಲೆ ಕೆಲಸ ಮಾಡುತ್ತವೆ. ದಿನವೂ ಸೇವಿಸಿದರೆ ಮೆದುಳು ಅದಕ್ಕೇ ಹೊಂದಿಕೊಂಡುಬಿಡುತ್ತದೆ. ಮೊದಲಿನ ಪ್ರಮಾಣ ಸಾಲದಾಗುತ್ತದೆ. ನಿಲ್ಲಿಸಿದರೆ ಮೂಗು ಸುರಿಯುತ್ತದೆ, ಭೇದಿಯಾಗುತ್ತದೆ, ಮೈಯೆಲ್ಲ ಮುರಿದಂಥ ನೋವು, ರಾತ್ರಿಯೆಲ್ಲ ನಿದ್ದೆಯಿಲ್ಲ. ಈ ಯಾತನೆ ಒಂದು ವಾರದಲ್ಲಿ ಹೆಚ್ಚುಕಡಿಮೆ ತಗ್ಗುತ್ತದೆ, ಆದರೆ ಒಳಗಿನ ಹಂಬಲ ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿಯುತ್ತದೆ. ಆದಕಾರಣವೇ ಹತ್ತಿಪ್ಪತ್ತು ದಿನ ಕೋಣೆಯಲ್ಲಿ ಕೂಡಿಹಾಕಿ, ಮೈ ಶುದ್ಧವಾಯಿತೆಂದು ಮನೆಗೆ ಕಳಿಸುವ ಕ್ರಮ ಸೋಲುತ್ತದೆ. ಸೋತರೆ ಅಷ್ಟೇ ಎನ್ನುವಂತೆಯೂ ಇಲ್ಲ. ಬಿಟ್ಟ ದಿನಗಳಲ್ಲಿ ದೇಹದ ತಾಳಿಕೆ ಕಡಿಮೆಯಾಗಿರುತ್ತದೆ. ಹಳೆಯ ಪ್ರಮಾಣವನ್ನೇ ಮತ್ತೆ ತೆಗೆದುಕೊಂಡಾಗ ಉಸಿರು ನಿಂತು ಸಾಯುವವರುಂಟು. ಜೈಲಿನಿಂದ ಬಿಡುಗಡೆಯಾದ ಮೊದಲ ವಾರಗಳು ಇಂಥವನಿಗೆ ಅತ್ಯಂತ ಅಪಾಯದ ವಾರಗಳು.

ಇದಕ್ಕೆ ವೈದ್ಯಶಾಸ್ತ್ರ ಕಂಡುಕೊಂಡ ಉತ್ತರ ಮೆಥಡೋನ್ ಮತ್ತು ಬುಪ್ರೆನಾರ್ಫಿನ್ ಎಂಬ ಮದ್ದುಗಳು. 1960ರ ದಶಕದಲ್ಲಿ ನ್ಯೂಯಾರ್ಕಿನ ವೈದ್ಯರಾದ ಡೋಲ್ ಮತ್ತು ನಿಸ್ವಾಂಡರ್ ಹೆರಾಯಿನ್ ಚಟದವರಿಗೆ ಮೆಥಡೋನ್ ಕೊಟ್ಟು ಅವರು ಮರಳಿ ಕೆಲಸಕ್ಕೆ ಹೋಗಬಲ್ಲರೆಂದು ತೋರಿಸಿದರು. ಬುಪ್ರೆನಾರ್ಫಿನ್ ಮಾತ್ರೆಯನ್ನು ನಾಲಿಗೆಯ ಕೆಳಗಿಟ್ಟು ಕರಗಿಸಬೇಕು. ಅದು ಮೆದುಳಿನ ಅದೇ ನೆಲೆಗಳನ್ನು ಹಿಡಿದು ಕೂರುತ್ತದೆ, ಆದರೆ ಅದರ ಪ್ರಭಾವ ಒಂದು ಮಿತಿಯ ಮೇಲೆ ಏರುವುದಿಲ್ಲ. ನೋವು, ಹಂಬಲ ಎರಡೂ ಅಡಗುತ್ತವೆ. ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಮತ್ತೇರದು. 1995ರಿಂದ ಫ್ರಾನ್ಸಿನಲ್ಲಿ ಸಾಮಾನ್ಯ ವೈದ್ಯರೂ ಇದನ್ನು ಬರೆದುಕೊಡಲು ಅವಕಾಶವಾಯಿತು. ನಾಲ್ಕೈದು ವರ್ಷಗಳಲ್ಲಿ ಹೆರಾಯಿನ್ ಮಿತಿಮೀರಿ ಸಾಯುವವರ ಸಂಖ್ಯೆ ಅಲ್ಲಿ ಸುಮಾರು ಐದನೆಯ ಒಂದು ಪಾಲಿಗೆ ಇಳಿಯಿತು. 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಎರಡೂ ಮದ್ದುಗಳನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಒಂದು ಚಟ ಬಿಡಿಸಲು ಇನ್ನೊಂದು ಚಟವೇ ಎಂದು ಕೇಳುವವರಿಗೆ ನಾವು ಕೇಳುವುದಿಷ್ಟೆ: ಸಕ್ಕರೆ ಕಾಯಿಲೆಯವನು ದಿನವೂ ಇನ್ಸುಲಿನ್ ಚುಚ್ಚಿಕೊಂಡರೆ ಅವನನ್ನು ಚಟಗಾರನೆನ್ನುತ್ತೀರಾ? ಮದ್ದಿನ ಅವಲಂಬನೆ ಕೆಲಕಾಲ, ಕೆಲವರಿಗೆ ಬಹುಕಾಲ, ಉಳಿಯುವುದು ನಿಜ. ಆದರೆ ಆ ಮನುಷ್ಯ ಪಾತ್ರೆ ಮಾರುವುದಿಲ್ಲ, ಹಂಚಿಕೊಂಡ ಸೂಜಿಯಿಂದ ಏಡ್ಸ್ ರೋಗಾಣುವನ್ನು ಮನೆಗೆ ತರುವುದಿಲ್ಲ, ಬೆಳಿಗ್ಗೆ ಎದ್ದು ಕೂಲಿಗೆ ಹೋಗುತ್ತಾನೆ. ಎಲ್ಲಕ್ಕಿಂತ ಮಿಗಿಲಾಗಿ, ಬದುಕಿರುತ್ತಾನೆ.

ಮದ್ದೊಂದೇ ಸಾಕೆಂದು ನಾವು ಹೇಳುತ್ತಿಲ್ಲ. ಮದ್ದು ಮೈಯನ್ನು ಹಿಡಿದು ನಿಲ್ಲಿಸುತ್ತದೆ. ಮನುಷ್ಯ ನಡೆಯಬೇಕಾದರೆ ಮಾತಿನ ಊರುಗೋಲು ಬೇಕು. ಯಾವ ಹೊತ್ತಿನಲ್ಲಿ, ಯಾರ ಸಹವಾಸದಲ್ಲಿ, ಯಾವ ದುಃಖದಲ್ಲಿ ಕೈ ಮತ್ತೆ ಅತ್ತ ಚಾಚುತ್ತದೆ ಎಂಬುದನ್ನು ರೋಗಿಯೇ ಗುರುತಿಸುವಂತೆ ಮಾಡುವುದು ಆಪ್ತ ಸಲಹೆಯ ಕೆಲಸ. ಒಮ್ಮೆ ಜಾರಿದವನನ್ನು ಹೊರದೂಡದೆ ಮತ್ತೆ ಕೂರಿಸಿಕೊಳ್ಳುವುದೂ ಅದೇ ಕೆಲಸ. ಹಾಗೆಂದು ಸಲಹೆಗಾರನಿಲ್ಲವೆಂಬ ನೆಪದಲ್ಲಿ ಮದ್ದನ್ನು ತಡೆಹಿಡಿಯುವುದೂ ತಪ್ಪು. ಹಸಿದವನಿಗೆ ಪಲ್ಯವಾಗುವ ತನಕ ಅನ್ನವನ್ನೂ ಬಡಿಸೆವು ಎಂದಂತಾದೀತು.

ನಮ್ಮ ದೇಶದಲ್ಲಿ ಇದು ಸಾಧ್ಯವೇ? ಪಂಜಾಬ್ ಸರಕಾರ 2017ರ ಅಕ್ಟೋಬರಿನಲ್ಲಿ ಹೊರರೋಗಿ ಚಿಕಿತ್ಸಾಲಯಗಳನ್ನು ತೆರೆದು, ಬುಪ್ರೆನಾರ್ಫಿನ್ ಮತ್ತು ನಲಾಕ್ಸೋನ್ ಕೂಡಿದ ಮಾತ್ರೆಯನ್ನು ಕೊಡತೊಡಗಿತು. ಆ ಮಾತ್ರೆಯನ್ನು ಕರಗಿಸಿ ಚುಚ್ಚಿಕೊಳ್ಳಲು ಹೊರಟರೆ ನಲಾಕ್ಸೋನ್ ತಡೆಯೊಡ್ಡುತ್ತದೆ. ಅಲ್ಲಿ ಮಾತ್ರೆಗಳು ಕಳ್ಳಸಂತೆಗೆ ಸೋರಿದ ದೂರುಗಳೂ ಬಂದಿವೆ, ಇದನ್ನು ಮುಚ್ಚಿಡಬೇಕಾಗಿಲ್ಲ. ಸೋರಿಕೆಗೆ ಮದ್ದು ನಿಗಾ ಮತ್ತು ಲೆಕ್ಕ. ಪಡಿತರ ಅಕ್ಕಿ ಸೋರುತ್ತದೆಂದು ಪಡಿತರವನ್ನೇ ನಿಲ್ಲಿಸೆಂದು ನಾವು ಕೇಳಿದ್ದುಂಟೆ?

ಚಟದ ಚಿಕಿತ್ಸೆಗೆ ಬೇಕಾದ ಪ್ರಮಾಣದ ಈ ಮಾತ್ರೆ ಚಿಲ್ಲರೆ ಔಷಧದ ಅಂಗಡಿಗೆ ಬರುವುದಿಲ್ಲ, ಚಿಕಿತ್ಸಾ ಕೇಂದ್ರಗಳಿಗೆ ಮಾತ್ರ ಪೂರೈಕೆಯಾಗುತ್ತದೆ. ನಿಯಮ ಸರಿಯೇ. ಆದರೆ ಕೇಂದ್ರ ದೂರದ ದೊಡ್ಡ ಪಟ್ಟಣದಲ್ಲಿದ್ದರೆ ಬಡವನಿಗೆ ಆ ಮದ್ದು ಇದ್ದೂ ಇಲ್ಲದಂತೆಯೇ. ದಿನಗೂಲಿಯವನು ಕೂಲಿಯನ್ನೂ ಬಿಟ್ಟು ಬಸ್ಸಿನ ಚಾರ್ಜನ್ನೂ ತೆತ್ತು ವರ್ಷಗಟ್ಟಲೆ ಹೋಗಿಬರಬಲ್ಲನೆ? ಹಣವಂತನ ಮಗ ಖಾಸಗಿ ಆಸ್ಪತ್ರೆಯಲ್ಲಿ ಗುಟ್ಟಾಗಿ ಗುಣಮುಖನಾಗುತ್ತಾನೆ. ಕೂಲಿಯವನ ಮಗನ ಫೋಟೋ ಪತ್ರಿಕೆಯಲ್ಲಿ ಪೊಲೀಸರ ನಡುವೆ ಬರುತ್ತದೆ. ರೋಗ ಒಂದೇ, ಹಣೆಬರಹ ಎರಡು!

ಕಾನೂನು ರೋಗಿಯ ಕಡೆಗಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆ ಮದ್ಯ ಮತ್ತು ಮಾದಕ ವಸ್ತುಗಳಿಂದ ಉಂಟಾಗುವ ಮನೋಸ್ಥಿತಿಗಳನ್ನು ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ಸೇರಿಸಿದೆ. ಬಡತನದ ರೇಖೆಯ ಕೆಳಗಿರುವವನಿಗೆ, ಕಾರ್ಡು ಇರಲಿ ಇಲ್ಲದಿರಲಿ, ಸರಕಾರಿ ಆಸ್ಪತ್ರೆಯಲ್ಲಿ ಉಚಿತ ಚಿಕಿತ್ಸೆ ಹಕ್ಕು ಎಂದಿದೆ. ಸರಪಳಿ ಹಾಕುವುದನ್ನು ನಿಷೇಧಿಸಿದೆ. 1985ರ ಮಾದಕ ವಸ್ತು ಕಾಯಿದೆಯ 64ಎ ಕಲಮು, ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ, ಸೇವನೆ ಅಥವಾ ಅಲ್ಪ ಪ್ರಮಾಣದ ಅಪರಾಧದ ಮಟ್ಟಿಗೆ, ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಈ ಕಲಮನ್ನು ಎಷ್ಟು ಠಾಣೆಗಳ ಗೋಡೆಯ ಮೇಲೆ ಬರೆದಿದ್ದಾರೆ?

ದಾರಿ ತೋರಿಸಲು ಪರದೇಶಕ್ಕೆ ಹೋಗಬೇಕಾಗಿಲ್ಲ. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಸಂಸ್ಥೆಯವರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನೋರೋಗದ ಚಿಕಿತ್ಸೆಯನ್ನು ಹಳ್ಳಿಯ ಬಾಗಿಲಿಗೆ ತಂದರು. ಆ ಬಳ್ಳಾರಿಯ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. ಅಂದು ಮನೋರೋಗಕ್ಕೆ ಸಾಧ್ಯವಾದದ್ದು ಇಂದು ಚಟಕ್ಕೆ ಏಕೆ ಸಾಧ್ಯವಾಗದು? ಪ್ರತಿ ತಾಲೂಕು ಆಸ್ಪತ್ರೆಯಲ್ಲಿ ತರಬೇತಾದ ಒಬ್ಬ ವೈದ್ಯ, ಒಬ್ಬ ಆಪ್ತ ಸಲಹೆಗಾರ, ಲೆಕ್ಕವಿಟ್ಟ ಮದ್ದು, ಕೆಲಸದ ಹೊತ್ತಿಗೆ ಮೊದಲೇ ತೆರೆಯುವ ಒಂದು ಕಿಟಕಿ, ಉಸಿರು ನಿಲ್ಲುತ್ತಿರುವವನನ್ನು ಉಳಿಸುವ ನಲಾಕ್ಸೋನ್ ಸೂಜಿಮದ್ದು: ನಮ್ಮ ಬೇಡಿಕೆ ಇಷ್ಟೇ.

ಮನೆಯವರಿಗೂ ಒಂದು ಮಾತು. ಮಾನ ಹೋದೀತೆಂದು ಮಗನನ್ನು ಮುಚ್ಚಿಡಬೇಡಿ. ಬಡಿದು ಬುದ್ಧಿ ಕಲಿಸುತ್ತೇವೆನ್ನುವ ಕೇಂದ್ರಗಳಿಗೆ ಸಾಲ ಮಾಡಿ ಸೇರಿಸಬೇಡಿ. ಸರಕಾರಿ ಆಸ್ಪತ್ರೆಗೆ ಕರೆದೊಯ್ದು ಚಿಕಿತ್ಸೆ ಕೇಳಿ. ಇಲ್ಲವೆಂದರೆ, ಇಲ್ಲವೆಂದು ಬರೆದು ಕೊಡಿರೆಂದು ಕೇಳಿ. ಅಂಥ ಹತ್ತು ಕಾಗದಗಳು ಕೂಡಿದರೆ ಜಿಲ್ಲೆಯ ಅಧಿಕಾರಿಗಳು ಉತ್ತರ ಹೇಳಲೇಬೇಕಾಗುತ್ತದೆ.