ಮರಿ ಯಾರ ಕೈಲಿರಬೇಕು?

ಹಾಸ್ಟೆಲಿನ ಗೆಳೆಯರೇ, ರಜೆಗೆ ಊರಿಗೆ ಹೋದಾಗ ಅವ್ವನ ಕೋಳಿಮಂಕರಿ ಕಂಡು ನಾಚಬೇಡಿ. ಫಾರಂ ಕೋಳಿ ವರ್ಷಕ್ಕೆ 300ರಷ್ಟು ಮೊಟ್ಟೆ ಇಟ್ಟರೂ ಕಾವು ಕೂರೋದನ್ನೇ ಮರೆತಿದೆ. ಮರಿಗೆ ಮತ್ತೆ ಕಂಪನಿ ಬಾಗಿಲು ತಟ್ಟಬೇಕು. ನಾಟಿ ಹೇಂಟೆಯ ಸಂತಾನ ನಮ್ಮ ಕೈಲೇ ಇದೆ.

ಆದರೆ ತಿಪ್ಪೆ ಕೆದಕಿ ಬದುಕಲಿ ಅಂದ್ರೆ ಸಾಲದು. ರಾಗಿ, ನುಚ್ಚಿನ ಜೊತೆ ಹಿಂಡಿ, ಗೆದ್ದಲು ಕೊಡಿ. ಮೊಟ್ಟೆ ಗಟ್ಟಿಯಾಗಲು ಕಪ್ಪೆಚಿಪ್ಪಿನ ಪುಡಿ ಇಡಿ. ಹುಂಜ ಕೂಡಿದ ಹೇಂಟೆಯ, ವಾರದೊಳಗಿನ, ತೊಳೆಯದ 10-12 ಮೊಟ್ಟೆ ಆರಿಸಿ. ಮಂಕರಿಗೆ ಬೂದಿ, ಹುಲ್ಲು ಹಾಸಿ. 7ನೇ ರಾತ್ರಿ ಬ್ಯಾಟರಿ ಬೆಳಕಿಗೆ ಹಿಡಿದು, ರಕ್ತನಾಳ ಕಾಣದ್ದನ್ನು ತೆಗೆಯಿರಿ. 21 ದಿನಕ್ಕೆ ಮರಿ.

ಇದು ಅವ್ವಂದಿರ ವಿಜ್ಞಾನ. ಇದಕ್ಕೆ ಯಾರೂ ಡಿಗ್ರಿ ಕೊಟ್ಟಿಲ್ಲ. ಮೊಟ್ಟೆ ಮಾರಿದ ಕಾಸಲ್ಲೇ ನಮಗೆ ಡಿಗ್ರಿ ಕೊಡಿಸಿದವರು ಅವರು. ಸಾಲದ ಮರಿ ಬೇಡ, ಕಾವಿನ ಮರಿ ಸಾಕೋಣ.